ಚಹಾಪುಡಿಯ ಕೋಣೆ, ನನ್ನ ಸ್ಟೂಲು

ಚಹಾಪುಡಿ ಕುದಿಸಿಯೂ ಚಹಾ ಮಾಡದೆ ಇರುವ ಕೆಲಸ ನನ್ನದಾಗಿತ್ತು. ನಾಗಪುರದ ಮಹಾಲ್ ಪೇಟೆಯ ಒಂದು ಹಳೆಯ ವಾಡೆಯಲ್ಲಿ, ಅಂಗಳದ ದೊಡ್ಡ ಮನೆಯಲ್ಲಿ, ಎಂಬತ್ತರ ದಶಕದಲ್ಲಿ ಕೆಲವು ವರ್ಷ ಅದನ್ನು ಮಾಡಿದೆ. ಈಗ ಮೊಮ್ಮಗಳು ಔಷಧದ ಕಾರ್ಖಾನೆಯ ಲ್ಯಾಬಿಗೆ ಸೇರಿದ್ದಾಳೆ. ಮೊದಲ ವಾರವೇ ಒಂದು ಗಾಜಿನ ನಳಿಕೆ ಒಡೆದಳಂತೆ, ಮನೆಗೆ ಬಂದು ಊಟ ಬಿಟ್ಟು ಮಲಗಿದಳು. ಒಂದು ನಳಿಕೆಗೆ ಒಂದು ಹೊತ್ತಿನ ಊಟ ಎಂದು ಲೆಕ್ಕ ಹಿಡಿದರೆ ನಾನು ಇಷ್ಟು ಹೊತ್ತಿಗೆ ಸತ್ತು ಬಹಳ ವರ್ಷ ಆಗಿರಬೇಕಿತ್ತು. ಅವಳಿಗೂ ಅವಳ ಜೊತೆ ಸೇರಿದ ಹುಡುಗಿಯರಿಗೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಗದಗ ಕಡೆಯ ಹಳ್ಳಿ ಸಾಲೆಯಲ್ಲಿ, ನಾಲ್ಕನೆಯ ಇಯತ್ತೆ. ಮೊಮ್ಮಗಳು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ನಾನು ಕೂಡಿಸಿ ಕೂಡಿಸಿ ಬರೆಯುತ್ತೇನೆ. ಹೀಗಾಗಿ ಯಾರೂ ಯಾರನ್ನೂ ಕಾಯಿಸುವುದಿಲ್ಲ.

ನಮ್ಮವರು ರೈಲ್ವೆಯಲ್ಲಿದ್ದರು. ವರ್ಗವಾಗಿ ನಾಗಪುರದ ಅಜ್ನಿಯ ಕ್ವಾರ್ಟರ್ಸಿಗೆ ಬಂದೆವು. ನಾನು ಮಹಾಲ್‌ನ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಊರಲ್ಲಿ ನೀಲವ್ವ ಆಗಿದ್ದವಳು ಅಲ್ಲಿ ನೀಲಾಬಾಯಿ ಆದೆ. ನಾಲ್ಕರಲ್ಲಿ ಒಂದು ಮನೆ ಆಜಿಯದು. ಆಜಿ ಎಂದರೆ ಆ ವಾಡೆಯ ಯಜಮಾನಿ, ನನಗಿಂತ ಇಮ್ಮಡಿ ವಯಸ್ಸಿನವಳು, ಮಡಿಯ ಹೆಂಗಸು. ನಾನು ತೊಳೆದಿಟ್ಟ ಪಾತ್ರೆಯನ್ನು ಮತ್ತೊಮ್ಮೆ ನೀರು ಹಾಕಿ ಒಳಗೆ ತೆಗೆದುಕೊಳ್ಳುತ್ತಿದ್ದಳು. ಅವಳ ಮಗ ವಿನಾಯಕರಾವ್, ಕಾಲೇಜಿನ ರಸಾಯನದ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು. ಅವರು ವಾಡೆಯ ಹಿಂದಿನ ಕಾಳಿನ ಕೋಣೆಯನ್ನು ಖಾಲಿ ಮಾಡಿಸಿ, ಅಲ್ಲಿ ಒಂದು ಉದ್ದನೆಯ ಮೇಜು ಹಾಕಿ, ಗಾಜಿನ ಸಾಮಾನು ಜೋಡಿಸಿಕೊಂಡಿದ್ದರು. ಗಿಡದ ಎಲೆ, ತೊಗಟೆ, ಕಾಳುಗಳ ಕಹಿಯಲ್ಲಿ ಒಂದು ಸತ್ವ ಇರುತ್ತದೆ. ಅದನ್ನು ಹೊರಗೆ ತೆಗೆದು, ಮೈಲಿಗೆ ಕಳೆದು, ಕಿರುಬೆರಳಿನಷ್ಟು ಶೀಶೆಗಳಲ್ಲಿ ತುಂಬಿ ಕಾಲೇಜುಗಳಿಗೆ ಕೊಡುವುದು ಅವರ ಯೋಚನೆ. ಹುಡುಗರು ತಾವು ತೆಗೆದದ್ದು ಸರಿಯೋ ತಪ್ಪೋ ಎಂದು ಹೋಲಿಸಿ ನೋಡಲು ಪಕ್ಕಾ ಶುದ್ಧವಾದದ್ದು ಒಂದು ಬೇಕಲ್ಲ, ಅದಕ್ಕೆ. ಮೆಣಸಿನಿಂದ ಒಂದು, ಮರದರಿಶಿನದಿಂದ ಹಳದಿಯದೊಂದು, ಚಹಾಪುಡಿಯಿಂದ ಕೆಫೀನ್.

ನನ್ನನ್ನು ಅವರು ಯಾಕೆ ಕರೆದರೆಂದರೆ ನಾನು ಪಾತ್ರೆಯನ್ನು ಮುಖ ಕಾಣುವ ಹಾಗೆ ತಿಕ್ಕುತ್ತಿದ್ದೆ, ಅಷ್ಟೇ. ಬುದ್ಧಿ ನೋಡಿ ಕರೆದಿದ್ದರೆಂದು ಬಹಳ ದಿನ ತಿಳಿದಿದ್ದೆ. ಮೊದಲ ದಿನ ಮೇಜಿನ ಮುಂದೆ ಒಂದು ಮರದ ಸ್ಟೂಲು ತೋರಿಸಿ, “ನೀಲಾಬಾಯಿ, ಕೂತು ಕೆಲಸಾ ಮಾಡ್ರಿ” ಎಂದರು. ಅವರೆಲ್ಲ ಆಡಿದ್ದು ಮರಾಠಿ, ನಾನು ಬರೆಯುವುದು ನಮ್ಮ ಕಡೆಯ ಮಾತಿನಲ್ಲಿ. ಅಲ್ಲಿಯವರೆಗೆ ಪರರ ಮನೆಯಲ್ಲಿ ನಾನು ಕೂತದ್ದು ಬಚ್ಚಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ. ಆ ಸ್ಟೂಲಿನ ಮೇಲೆ ಕೂತ ಗಳಿಗೆಯೇ ತೀರ್ಮಾನ ಮಾಡಿದೆ, ಇದನ್ನು ಬಿಟ್ಟು ಏಳಬಾರದು. ಉಳಿದ ಮೂರು ಮನೆ ಬಿಟ್ಟೆ. ರಸಾಯನದ ಮೇಲೆ ಪ್ರೀತಿ ಹುಟ್ಟಿತು ಎಂದು ಬರೆದರೆ ಚಂದ ಕಾಣುತ್ತದೆ. ಹುಟ್ಟಿರಲಿಲ್ಲ. ಮೊಣಕಾಲು ನೋಯುತ್ತಿತ್ತು.

ಮೊದಲ ವಾರವೇ ಎಲ್ಲ ಗಾಜನ್ನೂ ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಾಕಿ ತಿಕ್ಕಿಟ್ಟೆ. ಮಾಸ್ತರ್ ಒಂದು ಪಾತ್ರೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಗಾಜಿನ ಮೈತುಂಬ ಗೀರು. ಆಮೇಲೆ ನನ್ನನ್ನು ಕೂರಿಸಿ ಹೇಳಿದರು. ಬೂದಿ ಒಂದು ಜಾತಿ, ಹುಣಸೆ ಅದರ ವೈರಿ ಜಾತಿ, ನಾವು ಹಿಡಿಯಲು ಹೊರಟ ಸತ್ವ ಹುಳಿ ಕಂಡರೆ ನೀರಿನಲ್ಲಿ ಮುಳುಗುತ್ತದೆ, ಸುಣ್ಣ ಬೂದಿ ಕಂಡರೆ ಹೊರಗೆ ಬರುತ್ತದೆ. ಎರಡನ್ನೂ ಒಂದೇ ಪಾತ್ರೆಗೆ ಸವರಿಟ್ಟರೆ ಅದಕ್ಕೆ ಎತ್ತ ಹೋಗಬೇಕೆಂದು ತಿಳಿಯುವುದಿಲ್ಲ.

“ನನಗೂ ತಿಳಿಯೂದಿಲ್ರೀ” ಎಂದೆ.

“ನಿಮಗ ತಿಳಿಯೂದು ಬ್ಯಾಡ. ಬರೇ ನೀರಿಲೆ ತೊಳೀರಿ” ಎಂದರು. ಅದು ನನ್ನ ಮೊದಲ ಪಾಠ. ಇನ್ನೊಂದು ಪಾಠ, ಏನನ್ನೂ ನಾಲಿಗೆಗೆ ಹಚ್ಚಬಾರದು. ಅಡಿಗೆ ಮಾಡುವ ಹೆಂಗಸಿಗೆ ಇದಕ್ಕಿಂತ ಕಠಿಣ ನೇಮ ಇಲ್ಲ. ಬಟ್ಟಲು ಕಂಡರೆ ಬೆರಳು ತಾನೇ ಹೋಗುತ್ತದೆ. ಸೆರಗಿನ ತುದಿಯನ್ನು ಬಲಗೈ ಬೆರಳಿಗೆ ಸುತ್ತಿಕೊಂಡು ಕೆಲಸ ಮಾಡಿದೆ.

ಚಹಾಪುಡಿಯ ಕೆಲಸ ಹೀಗೆ. ಪುಡಿಯನ್ನು ಸುಣ್ಣದ ಜೊತೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ, ಆ ಕರಿನೀರಿಗೆ ಕ್ಲೋರೋಫಾರ್ಮ್ ಹಾಕಿ ಅಲುಗಿಸಬೇಕು. ಅದಕ್ಕೊಂದು ಗಾಜಿನ ಪಾತ್ರೆ, ಮೇಲೆ ಬಿರಡೆ, ಕೆಳಗೆ ನಲ್ಲಿ. ಅಲುಗಿಸಿ ನಿಲ್ಲಿಸಿದರೆ ಸತ್ವ ಹೊತ್ತ ಪದರ ಕೆಳಗೆ ಇಳಿಯುತ್ತದೆ, ನಲ್ಲಿ ತಿರುಗಿಸಿ ಹಿಡಿದುಕೊಳ್ಳಬೇಕು. ಮಾಸ್ತರ್ “ಹಗುರಕ ಅಲುಗಿಸ್ರಿ” ಎಂದು ಹೇಳಿ ಹೊರಗೆ ಹೋದರು. ನಾನು ಜೀವನದಲ್ಲಿ ಅಲುಗಿಸಿ ಕಲಿತದ್ದು ಮಜ್ಜಿಗೆ ಒಂದನ್ನೇ. ಮನಸ್ಸಿಟ್ಟು ಕಡೆದೆ. ಮಾಸ್ತರ್ ಬಂದು ನೋಡಿದರೆ ಪಾತ್ರೆಯಲ್ಲಿ ಮೇಲೂ ಇಲ್ಲ ಕೆಳಗೂ ಇಲ್ಲ, ಎಲ್ಲ ಒಂದೇ ನೊರೆನೊರೆ ಕಂದು ಲೋಳೆ.

“ಏನ್ ಮಾಡಿದ್ರಿ?”

“ಬರೋಬರ್ ಕೂಡಿಸೀನ್ರಿ.”

“ಬ್ಯಾರೆ ಮಾಡಾಕ ಹೇಳಿದ್ದೆ ನಾನು.”

ಆ ಲೋಳೆ ಒಡೆದು ಬೇರೆಯಾಗಲು ದಿನಗಟ್ಟಲೆ ಕಾದೆವು. ತೊಟ್ಟಿಲು ತೂಗಿದ ಹಾಗೆ ತೂಗಬೇಕು ಎಂದು ಮಾಸ್ತರ್ ಕೈಹಿಡಿದು ತೋರಿಸಿದರು. ಮಕ್ಕಳನ್ನೆಲ್ಲ ತೂಗಿದ್ದು ನನ್ನ ಅತ್ತೆ, ನನಗೆ ಅದೂ ಹೊಸತು. ಕಿಟಕಿ ತೆರೆಯದೆ ಕ್ಲೋರೋಫಾರ್ಮಿನ ಬಿರಡೆ ತೆಗೆದು, ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸಿ ಮೇಜಿಗೆ ಹಣೆ ಬಡಿಸಿಕೊಂಡದ್ದೂ ಆ ದಿನಗಳಲ್ಲೇ. ಹುಡುಗಿಯರೇ, ಕಿಟಕಿ ಮೊದಲು, ಬಿರಡೆ ಆಮೇಲೆ. ನನ್ನ ಹಣೆಯ ಎಡಗಡೆ ಇರುವ ಗುರುತು ನೋಡಿ ನೆನಪಿಟ್ಟುಕೊಳ್ಳಿ.

ಮನೆಯಲ್ಲಿ ಬೇರೆಯೇ ಫಜೀತಿ. ಮೆಣಸಿನ ಸತ್ವ ತೆಗೆಯಲು ಸ್ಪಿರಿಟ್ಟಿನಲ್ಲಿ ನೆನೆಸುತ್ತಿದ್ದೆವು. ಸಂಜೆ ಕ್ವಾರ್ಟರ್ಸಿಗೆ ಹೋದರೆ ಸೀರೆಗೆ ಆ ವಾಸನೆ. ಓಣಿಯ ಹೆಂಗಸರು ಮೂಗು ಮುಚ್ಚಿಕೊಂಡರು, ಗಂಡಸರು ಮೂಗು ಅರಳಿಸಿದರು. ನಮ್ಮವರ ಜೊತೆ ಕೆಲಸ ಮಾಡುವ ಒಬ್ಬ ಖಾಲಿ ಬಾಟಲಿ ಹಿಡಿದು ಬಾಗಿಲಿಗೆ ಬಂದ.

“ವೈನಿ, ಸ್ವಲ್ಪ ಸಿಗ್ತೈತೇನ್ರಿ?”

ನಮ್ಮವರು ಒಳಗಿನಿಂದಲೇ ಕೂಗಿದರು. “ಆಕಿ ಮಾಡೂದು ಕುಡದ್ರ ಸೀನು ಬರ್ತೈತಿ, ಕಿಕ್ ಬರೂದಿಲ್ಲೋ. ಹೋಗು.” ಆಮೇಲೆ ನನ್ನ ಕಡೆ ತಿರುಗಿ, “ನೀಲಾ, ಖರೇನ ಹೇಳು, ಅದೇನ್ ಮಾಡ್ತೀರಿ ಅಲ್ಲಿ?” ಎಂದು ಕೇಳಿದರು. ಹೇಳಿದೆ. ಚಹಾಪುಡಿಯಿಂದ ಬಿಳಿ ಪುಡಿ ತೆಗೆದು ಕಾಲೇಜಿಗೆ ಕೊಡುತ್ತೇವೆ ಎಂದರೆ ಅವರು ನಂಬಲಿಲ್ಲ. ದಾರೂ ಎಂದಿದ್ದರೆ ನಂಬುತ್ತಿದ್ದರು.

ಇನ್ನು ರಾಂಜಣದ ಕಥೆ. ಅದರಿಂದಲೇ ನನ್ನ ಸ್ಟೂಲಿಗೆ ಕುತ್ತು ಬಂತು. ಮೆಣಸಿನ ಸತ್ವ ಕೊನೆಗೆ ತಂಪಿನಲ್ಲಿ ಇಟ್ಟರೆ ಮಾತ್ರ ಹಳದಿ ಸೂಜಿಗಳಾಗಿ ಕೂರುತ್ತದೆ. ನಾಗಪುರದ ಮೇ ತಿಂಗಳಲ್ಲಿ ತಂಪು ಎಲ್ಲಿಂದ ತರುವುದು? ನಲ್ಲಿಯ ನೀರೇ ಸ್ನಾನಕ್ಕೆ ಬಿಸಿಯಾಗುತ್ತಿತ್ತು. ಫ್ರಿಜ್ ಇರಲಿಲ್ಲ. ಕೂಲರಿನ ಮುಂದೆ ಇಟ್ಟರೆ ಅದರ ವಾಳದ, ಅಂದರೆ ಲಾವಂಚದ, ಪುಡಿ ಹಾರಿ ಬೀಳುತ್ತಿತ್ತು. ಇಡೀ ವಾಡೆಯಲ್ಲಿ ತಣ್ಣಗಿದ್ದದ್ದು ಒಂದೇ, ಆಜಿಯ ಕುಡಿಯುವ ನೀರಿನ ರಾಂಜಣ, ಮಣ್ಣಿನ ದೊಡ್ಡ ಹರವಿ. ಆಜಿ ಮಧ್ಯಾಹ್ನ ಮಲಗಿದ್ದಾಗ ಪಾತ್ರೆಯ ಕತ್ತಿಗೆ ದಾರ ಕಟ್ಟಿ ಅದರೊಳಗೆ ಇಳಿಬಿಟ್ಟೆ. ಬಿರಡೆ ಗಟ್ಟಿಯಾಗಿತ್ತು, ಒಂದು ಹನಿಯೂ ಹೊರಗೆ ಬರುವಂತಿರಲಿಲ್ಲ. ಆದರೆ ಆಜಿ ಎದ್ದು, ತಂಬಿಗೆ ಇಳಿಸಿ, ನೀರಿನ ಜೊತೆ ದಾರ ಎಳೆದಳು. ದಾರದ ತುದಿಗೆ ಮೆಣಸಿನ ಕಷಾಯ ಬಂತು.

ಆಜಿ ಕೂಗಾಡುವವಳಲ್ಲ. ರಾಂಜಣವನ್ನು ಅಂಗಳಕ್ಕೆ ಉರುಳಿಸಿ, ನೀರು ಹರಿದು ಹೋಗುವವರೆಗೆ ನೋಡಿದಳು. ಆಮೇಲೆ ಮಗನನ್ನು ಕರೆದಳು.

“ವಿನ್ಯಾ, ನನ್ನ ಕಾಳಿನ ಖೋಲಿ ಕೊಟ್ಟೆ. ಈಗ ನೀರಿನ ತನಕಾ ಬಂದೀ. ದೀವಾಳಿ ಒಳಗ ಯಾವದರೆ ಕಾಲೇಜು ನಿನ್ನ ಪುಡಿ ತಗೋತೀನಿ ಅಂದ್ರ ಸೈ. ಇಲ್ಲಂದ್ರ ಜ್ವಾಳದ ಚೀಲ ವಾಪಸ್ ಒಳಗ, ನಿನ್ನ ಗಾಜು ಹೊರಗ.” ನನ್ನ ಕಡೆ ನೋಡಿ, “ಇಕಿ ವಾಪಸ್ ಬಚ್ಚಲ ಕಲ್ಲಿಗೆ” ಎಂದಳು.

ಅಲ್ಲಿಂದ ದೀಪಾವಳಿಯವರೆಗೆ ನಾವು ದುಡಿದದ್ದು ದುಡಿತ. ಕಾಲೇಜಿನಲ್ಲಿ ರಸಾಯನ ಕಲಿಸುವ ಒಬ್ಬ ಮೇಡಂ ಇದ್ದರು, ಹಿಂದೆ ಮಾಸ್ತರರ ಕೈಯಲ್ಲೇ ಪ್ರಯೋಗ ಕಲಿತವರು. ಕೆಫೀನಿನ ಒಂದು ಶೀಶೆ ಕಳಿಸಿರಿ, ಪರೀಕ್ಷೆ ಮಾಡುತ್ತೇವೆ, ಸರಿ ಇದ್ದರೆ ಪ್ರತಿ ವರ್ಷ ನಿಮ್ಮಿಂದಲೇ ತರಿಸುತ್ತೇವೆ ಎಂದರು. ಜೊತೆಗೆ ಒಂದು ಮುಚ್ಚಳದ ಗಾಜಿನ ತಟ್ಟೆಯನ್ನೂ ಕೈಗಡ ಕೊಟ್ಟರು, ನಮ್ಮದನ್ನು ನಾನು ಒಡೆದಿದ್ದರಿಂದ. ಕೆಫೀನಿನ ಕೊನೆಯ ಹಂತಕ್ಕೆ ಆ ತಟ್ಟೆ ಬೇಕು. ಕೊಳೆ ಬಣ್ಣದ ಗಟ್ಟಿಯನ್ನು ಕೆಳಗಿಟ್ಟು ಹದವಾಗಿ ಕಾಯಿಸಿದರೆ ಕರಗದೆಯೇ ಹೊಗೆಯಾಗಿ ಏಳುತ್ತದೆ, ಮೇಲಿನ ತಣ್ಣನೆಯ ಗಾಜಿಗೆ ತಾಕಿ ಬಿಳಿ ಅರಳೆಯಾಗಿ ಕೂರುತ್ತದೆ. ಬೆಂಕಿ ಹೆಚ್ಚಾದರೆ ಕರಕಲು. ಎಷ್ಟೋ ಸಲ ಕರಕಲೇ ಆಯಿತು. ಅಂತೂ ಹಬ್ಬದ ವಾರಕ್ಕೆ ಒಂದು ಶೀಶೆ ತುಂಬಿತು.

ಮಾಸ್ತರರಿಗೆ ಆ ದಿನ ಜ್ವರ. “ನೀಲಾಬಾಯಿ, ನೀವ ಹೋಗಿ ಕೊಟ್ಟ ಬರ್ರಿ. ಶೀಶೆ ಜ್ವಾಕಿ. ಮೇಡಂ ತಟ್ಟೀನೂ ವಾಪಸ್ ಕೊಡ್ರಿ” ಎಂದರು. ಶೀಶೆಯನ್ನು ಹತ್ತಿಯಲ್ಲಿ ಸುತ್ತಿ, ಎಳೆಗೂಸಿಗೆ ಸುತ್ತಿದಷ್ಟು ಸುತ್ತಿ, ಬಟ್ಟೆಯ ಚೀಲದ ತಳಕ್ಕೆ ಇಟ್ಟೆ. ತಟ್ಟೆ ತೊಳೆದು ಒರೆಸಿದೆ. ಈಗ ಯಾವ ಹೆಂಗಸು ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುತ್ತಾಳೆ? ನಮ್ಮೂರಲ್ಲೂ ಇಲ್ಲ, ನಾಗಪುರದಲ್ಲೂ ಇಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುವುದು. ಅದರಲ್ಲೂ ಹಬ್ಬದ ವಾರ. ಶಂಕರಪಾಳಿಗೆಂದು ಬೀಸಿ ಇಟ್ಟಿದ್ದ ಸಕ್ಕರೆ ಹಿಟ್ಟು ಇತ್ತು. ಆಜಿಯನ್ನು ಕೇಳಿ ಎರಡು ಚಮಚ ತಟ್ಟೆಗೆ ಹಾಕಿ, ಮುಚ್ಚಳ ಮುಚ್ಚಿ, ದಾರ ಕಟ್ಟಿದೆ. ಮಾಸ್ತರರಿಗೆ ಹೇಳಲಿಲ್ಲ. ಉಸಿರಾಡಿದೆ ಎಂದು ಯಾರಾದರೂ ಹೇಳುತ್ತಾರೆಯೇ?

ಕಾಲೇಜಿನಲ್ಲಿ ಮೇಡಂ ಕ್ಲಾಸಿನಲ್ಲಿದ್ದರು. ಬಾಗಿಲಲ್ಲಿದ್ದ ಸಿಪಾಯಿಯ ಕೈಗೆ ಚೀಲ ಕೊಟ್ಟು, “ಮಾಸ್ತರರ ಪುಡಿ, ಮೇಡಂಗೆ ಕೊಡ್ರಿ” ಎಂದೆ. ಕಾಯಬಹುದಿತ್ತು. ಬಸ್ಸು ತಪ್ಪುತ್ತಿತ್ತು, ಮೇಲಾಗಿ ಇಂಥ ಜವಾಬ್ದಾರಿಯ ಕೆಲಸ ಮುಗಿಸಿದ ಹೆಂಗಸು ಬಾಗಿಲಲ್ಲಿ ನಿಲ್ಲುವುದು ಶೋಭೆಯಲ್ಲ ಎನ್ನಿಸಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದೆ, ಪ್ರೊಫೆಸರಳ ಹಾಗೆ.

ಮರುದಿನ ಬೆಳಗ್ಗೆ ಮೇಡಂ ತಾವೇ ವಾಡೆಗೆ ಬಂದರು. ಹೆಗಲಿಗೆ ಅದೇ ಬಟ್ಟೆಯ ಚೀಲ. ಆಜಿ ಅಂಗಳದಲ್ಲಿ ಇದ್ದಿಲ ಶೇಗಡಿ ಹೊತ್ತಿಸಿ ಚಕಲಿ ಕರಿಯುತ್ತಿದ್ದಳು, ನಾನು ಹಿಟ್ಟು ನಾದುತ್ತಿದ್ದೆ. ಮಾಸ್ತರ್ ಶಾಲು ಹೊದ್ದುಕೊಂಡು ಹೊರಗೆ ಬಂದರು. ಮೇಡಂ ಚೀಲದಿಂದ ಮತ್ತೆ ದಾರ ಕಟ್ಟಿದ್ದ ಗಾಜಿನ ತಟ್ಟೆ ತೆಗೆದು ಕಟ್ಟೆಯ ಮೇಲೆ ಇಟ್ಟರು. ಮೇಡಂ ಸಿಟ್ಟಿನಲ್ಲಿ ಇದ್ದರೋ ನಾಚಿಕೆಯಲ್ಲೋ ತಿಳಿಯಲಿಲ್ಲ.

“ಸರ್, ಏನ್ ಹೇಳಬೇಕೋ ತಿಳೀವಲ್ದು. ನಿನ್ನೆ ಇದನ್ನ ಹುಡುಗರ ಮುಂದ ಕಾಸಿದ್ವಿ. ಕಂದ ಆತು, ನೊರಿ ಬಂತು. ಲ್ಯಾಬ್ ತುಂಬ ಚಿಕ್ಕಿ ವಾಸನಿ.”

“ಚಿಕ್ಕಿ?”

“ನಾ ಅಂತೂ ನಾಲಿಗಿಗೆ ಹಚ್ಚಲಿಲ್ಲ, ನೀವ ಕಲಿಸೀರಿ. ಆದ್ರ ನಮ್ಮ ಸಿಪಾಯಿ ಹಚ್ಚಿದ. ಚಲೋ ಐತಿ ಅಂದ.”

ಮಾಸ್ತರ್ ಕಂಬ ಹಿಡಿದುಕೊಂಡರು. “ನಾ ಕಳಸಿದ್ದು ಕೆಫೀನ್.”

“ಹಂಗಾದ್ರ ಸರ್, ಚಹಾಪುಡಿ ಬದಲಿ ಕಬ್ಬು ಕುದಿಸೀರಿ.”

ನನ್ನ ಬುದ್ಧಿಯ ವೇಗ ಹೇಳುತ್ತೇನೆ ಕೇಳಿ. ಇಷ್ಟೆಲ್ಲ ಆಗುವಾಗ ನಾನು ಹಿಟ್ಟು ನಾದುತ್ತ, ಕಲಿತವರಾಗಿ ಸಕ್ಕರೆಗೂ ಕೆಫೀನಿಗೂ ಫರಕು ತಿಳಿಯದೆ ಜಗಳಾಡುತ್ತಾರಲ್ಲ ಎಂದು ಒಳಗೊಳಗೇ ನಗುತ್ತಿದ್ದೆ. ಆಜಿ ಝಾರಿಯನ್ನು, ಆ ತೂತಿನ ಸೌಟನ್ನು, ಎಣ್ಣೆಯಿಂದ ಎತ್ತಿ, “ಜ್ವಾಳದ ಚೀಲ ಎಲ್ಲೆವ ನೀಲಾ?” ಎಂದು ತಣ್ಣಗೆ ಕೇಳಿದಳು. ಆಗ ನನಗೆ ಸ್ಟೂಲು ನೆನಪಾಯಿತು. ಸ್ಟೂಲು ನೆನಪಾದ ಮೇಲೆ ತಟ್ಟೆಯ ಕಡೆ ನೋಡಿದೆ. ದಾರ ನನ್ನದೇ.

ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ. “ಆ ಸಕ್ಕರಿ ನಂದ್ರಿ.”

ಮೂವರೂ ನನ್ನನ್ನು ನೋಡಿದರು.

“ತಟ್ಟಿ ಅವರದು. ವಾಪಸ್ ಕೊಡೂದಿತ್ತು. ಬರೇದು ಹೆಂಗ ಕೊಡೂದು ಅಂತ…” ಮಾಸ್ತರರ ಮುಖ ನೋಡಿದರೆ ಮಜ್ಜಿಗೆ ಕಡೆದ ದಿನಕ್ಕಿಂತ ಕೆಟ್ಟಿತ್ತು. ಬಚ್ಚಲ ಕಲ್ಲು ಅಂಗಳದ ಆ ತುದಿಯಲ್ಲೇ ಕಾಣುತ್ತಿತ್ತು.

ಆಗ ಆಜಿ ಝಾರಿ ಕೆಳಗಿಟ್ಟಳು. ಬೈಗುಳ ಬಂತು ಎಂದು ತಲೆ ತಗ್ಗಿಸಿದೆ. ಆಕೆ ತಿರುಗಿದ್ದು ಮೇಡಂ ಕಡೆಗೆ.

“ಮತ್ತ ಬರೇ ಭಾಂಡೆ ಕಳಸಬೇಕಿತ್ತೇನವಾ? ಹಬ್ಬದಾಗ? ನಿಮ್ಮವ್ವನ ಮನೀಗೆ ಯಾರರೆ ಬರೇ ಡಬ್ಬಿ ವಾಪಸ್ ಕೊಟ್ಟಾರೇನು?”

“ಇಲ್ಲ ಆಜೀ, ಆದ್ರ ಲ್ಯಾಬಿನ ತಟ್ಟಿ…”

“ತಟ್ಟಿ ತಟ್ಟೀನ. ಇಕಿ ನನ್ನ ಕೇಳೇ ಸಕ್ಕರಿ ತಗೊಂಡಾಳ. ನಾನೂ ಹಾಕು ಅಂದೀನಿ. ಅದನ್ನ ಬೆಂಕೀ ಮ್ಯಾಲೆ ಇಡು ಅಂತ ನಿನಗ ಯಾರು ಹೇಳಿದ್ರು?”

ಮೇಡಂ ತಟ್ಟೆಯ ದಾರ ನೋಡಿದರು. ಆಮೇಲೆ ನಗಲು ಶುರುಮಾಡಿದರು, ಕಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರ್ ಮಾತ್ರ ನಗಲಿಲ್ಲ. “ಶೀಶೆ ಎಲ್ಲಿ?” ಎಂದರು.

ಶೀಶೆ ಯಾರಿಗೂ ಗೊತ್ತಿಲ್ಲ. ನಾನು ಮೇಡಂ ಹೆಗಲಿನ ಚೀಲಕ್ಕೆ ಕೈ ಹಾಕಿದೆ, ಹಿಟ್ಟಿನ ಕೈ ಎಂಬುದೂ ಲಕ್ಷ್ಯದಲ್ಲಿಲ್ಲ. ತಳದಲ್ಲಿ ಹತ್ತಿಯ ಉಂಡೆ ಹಾಗೇ ಇತ್ತು. ತಟ್ಟೆ ಅಲುಗಾಡದಿರಲಿ ಎಂದು ಇಟ್ಟ ಹತ್ತಿ ಎಂದು ತಿಳಿದು ಯಾರೂ ಮುಟ್ಟಿರಲಿಲ್ಲ. ಅಷ್ಟು ಜ್ವಾಕಿ ಮಾಡಿದ್ದೆ ನಾನು, ಯಾರಿಗೆ ಕೊಟ್ಟೆನೋ ಅವರಿಗೇ ಸಿಗದಷ್ಟು. ಬಿಚ್ಚಿ ಕೊಟ್ಟೆ.

“ಇಲ್ಲೇ ನೋಡೇಬಿಡೂಣು” ಎಂದರು ಮೇಡಂ. ಕರೆಂಟು ಹೋಗಿತ್ತು, ಕೋಣೆಯ ಹಾಟ್‌ಪ್ಲೇಟು ತಣ್ಣಗಿತ್ತು. ಮಾಸ್ತರ್ ಆಜಿಯ ಶೇಗಡಿಯ ಕಡೆ ನೋಡಿದರು, ನೋಡಿ ಕಣ್ಣು ಕೆಳಗೆ ಹಾಕಿದರು. ಆ ಕೋಣೆಯ ಒಂದು ಹನಿಯನ್ನೂ ಅಡಿಗೆಯ ಬೆಂಕಿಯ ಹತ್ತಿರ ಬಿಟ್ಟವಳಲ್ಲ ಆಜಿ. ಆಕೆ ಎಣ್ಣೆಯ ಬಾಣಲೆಯನ್ನು ಇಳಿಸಿ ದೂರ ಸರಿಸಿದಳು.

“ಮಾಡ್ರಿ. ಜಲ್ದಿ ಮಾಡ್ರಿ, ಹಿಟ್ಟು ಒಣಗತೈತಿ.”

ಹಳೆಯ ಕಬ್ಬಿಣದ ಸೌಟಿನಲ್ಲಿ ಶೀಶೆಯ ಅರ್ಧದಷ್ಟು ಪುಡಿ. ಮೇಲೆ ತಣ್ಣೀರು ತುಂಬಿದ ಸ್ಟೀಲ್ ಬಟ್ಟಲು, ಆಜಿಯದೇ. ಮಾಸ್ತರ್ ಕೆಂಡದ ಮೇಲೆ ಸೌಟು ಹಿಡಿದರು. ನಾನು ಮೂಗು ಮುಂದೆ ಮಾಡಿ ಚಿಕ್ಕಿಯ ವಾಸನೆ ಬರುತ್ತದೋ ಎಂದು ನೋಡುತ್ತಿದ್ದೆ. ಚೀಲ ಒಂದೇ, ನಾನು ಒಬ್ಬಳೇ, ಎರಡೂ ಕಡೆ ಸಕ್ಕರೆ ತುಂಬಿರುವ ಸಾಮರ್ಥ್ಯ ನನಗಿತ್ತು. ವಾಸನೆ ಬರಲಿಲ್ಲ. ಬಟ್ಟಲಿನ ಅಂಚಿನಿಂದ ತೆಳ್ಳಗೆ ಬಿಳಿ ಹೊಗೆ ಹೊರಟಿತು. ಮಾಸ್ತರ್ ಸೌಟು ಇಳಿಸಿ, ಆರಲು ಬಿಟ್ಟು, ಬಟ್ಟಲನ್ನು ಎತ್ತಿದರು. ಅದರ ತಳಕ್ಕೆ ಬಿಳಿ ಅರಳೆ ಹತ್ತಿತ್ತು, ಸೂಜಿ ಸೂಜಿ.

ಮೇಡಂ ಬಟ್ಟಲನ್ನೂ ಶೀಶೆಯನ್ನೂ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಶೀಶೆದಾಗಿಂದು ಒಂದೀಟು ಹಸರ ಐತಿ ಸರ್. ಇನ್ನೊಮ್ಮೆ ಹಿಂಗ ಏರಿಸಿ ಕೊಡ್ರಿ. ತಗೋತೀವಿ.”

ಆಜಿ ಬಗ್ಗಿ ಬಟ್ಟಲನ್ನು ನೋಡಿದಳು. “ಇದು ಚಹಾದಾಗ ಇರ್ತೈತೇನು?”

“ಹೂಂ ಆಜೀ.”

“ಅಂದ್ರ ನಾನೂ ದಿನಾ ಕುಡ್ಯಾಕತ್ತೀನಿ.” ಬಾಣಲೆಯನ್ನು ಮತ್ತೆ ಶೇಗಡಿಗೆ ಏರಿಸಿದಳು. “ಆತು ತಗೋ. ಆದ್ರ ಒಂದು ಮೂಲ್ಯಾಗ ನನ್ನ ಜ್ವಾಳದ ಚೀಲಾ ಇಡತೀನಿ.” ಬಟ್ಟಲನ್ನು ಮಾತ್ರ ಮತ್ತೆ ಒಳಗೆ ತೆಗೆದುಕೊಳ್ಳಲಿಲ್ಲ. ಅದು ನಮ್ಮ ಕೋಣೆಯ ಪಾಲಾಯಿತು.

ಮೇಡಂ ಹೊರಟಾಗ ಆಜಿ ಗಾಜಿನ ತಟ್ಟೆಯನ್ನು ಒರೆಸಿ, ಹಿಡಿಸುವಷ್ಟು ಚಕಲಿ ಮುರಿದು ತುಂಬಿ ಕೈಗೆ ಕೊಟ್ಟಳು. “ಇದನ್ನ ಕಾಸಬ್ಯಾಡ. ತಿನ್ನು.”

ಆಮೇಲೆ ವರ್ಷವರ್ಷ ಶೀಶೆ ಹೋದವು. ಇದ್ದಿಲು ಹೋಗಿ ಹಾಟ್‌ಪ್ಲೇಟೇ ಖಾಯಂ ಆಯಿತು, ರಾಂಜಣದ ಬದಲು ಬರ್ಫದ ಪೆಟ್ಟಿಗೆ ಬಂತು, ಬಟ್ಟೆಯಲ್ಲಿ ಸೋಸುವುದು ಹೋಗಿ ಕಾಗದ ಬಂತು. ಕಾಲೇಜುಗಳು ಮುಂಬಯಿಯಿಂದಲೇ ಸಿದ್ಧ ಶೀಶೆ ತರಿಸತೊಡಗಿದ ಮೇಲೆ ಕೋಣೆ ಮುಚ್ಚಿತು, ಜೋಳದ ಚೀಲಗಳು ಪೂರ್ತಿ ಒಳಗೆ ಬಂದವು. ಅಷ್ಟರಲ್ಲಿ ನನ್ನ ಮೊಣಕಾಲೂ ದುಡಿಮೆಯ ಆಸೆ ಬಿಟ್ಟಿತ್ತು. ಸ್ಟೂಲನ್ನು ಕೇಳಿ ಮನೆಗೆ ತಂದೆ. ಇದನ್ನು ಬರೆಯುತ್ತಿರುವುದು ಅದರ ಮೇಲೆ ಕೂತೇ.

ಹುಡುಗಿಯರಿಗೆ ನಾನು ಹೇಳಬಹುದಾದದ್ದು ಇಷ್ಟೇ. ಬಿಳಿ ಪುಡಿಗಳೆಲ್ಲ ಒಂದೇ ಹಾಗೆ ಕಾಣುತ್ತವೆ, ಚೀಟಿ ಹಚ್ಚಿ. ಆ ಮೇಡಂ ಕಲಿತರು. ದೀಪಾವಳಿ ದಾಟಿ ಸಂಕ್ರಾಂತಿಗೆ ಅವರ ಗಾಜಿನ ತಟ್ಟೆ ನಮ್ಮ ಕೋಣೆಗೆ ಮತ್ತೆ ಬಂತು. ಬರಿದಾಗಿ ಬರಲಿಲ್ಲ. ಒಳಗೆ ಕುಸುರೆಳ್ಳಿನ ಹಾಗೆ ಬಿಳಿ ಬಿಳಿ ಉಂಡೆ, ಮುಚ್ಚಳದ ಮೇಲೆ ಪ್ರಯೋಗಶಾಲೆಯ ಚೀಟಿ, ದುಂಡನೆಯ ಅಕ್ಷರದಲ್ಲಿ ತಿಳಗುಳ ಎಂದು ಬರೆದಿತ್ತು. ಅಷ್ಟರಲ್ಲಿ ನನಗೆ ಮರಾಠಿ ಅಕ್ಷರವೂ ಅಷ್ಟಿಷ್ಟು ಬರುತ್ತಿತ್ತು, ಕೂಡಿಸಿ ಎರಡು ಸಲ ಓದಿದೆ. ಆದರೂ ಮಾಸ್ತರ್ ಒಂದು ಬಾಯಿಗೆ ಹಾಕಿಕೊಂಡು ನುಂಗುವವರೆಗೆ ಸೆರಗನ್ನು ಬೆರಳಿನಿಂದ ಬಿಚ್ಚಲಿಲ್ಲ.